ಉಸಿರು ಕಟ್ಟಿದ ಹೆಡ್‌ಲೈಟು

ಹೆಬ್ಬೂರಿನಿಂದ ತುಮಕೂರು ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಗಳಿಗೆ ಮೊದಲ ಶಿಫ್ಟಿಗೆ ಹೋಗುವ ನಾವೊಂದಿಷ್ಟು ಹೆಂಗಸರು ಚಿಕ್ಕಮಾರಮ್ಮನ ಬಾಡಿಗೆ ಕಾರನ್ನೇ ನಂಬಿದವರು. ನಾವು ಹೊರಡುವ ಹೊತ್ತಿಗೆ ಬಸ್ಸಿನ ಡ್ರೈವರು ಇನ್ನೂ ಹಲ್ಲುಜ್ಜಿರುವುದಿಲ್ಲ. ಕತ್ತಲಲ್ಲಿ ಗೊತ್ತಿಲ್ಲದ ಗಂಡಸಿನ ಗಾಡಿ ಹತ್ತುವುದಕ್ಕಿಂತ ಇವಳ ಪಕ್ಕ ಕೂತು ಬೈಸಿಕೊಂಡು ಹೋಗುವುದೇ ವಾಸಿ. ಬಾಗಿಲು ಜೋರಾಗಿ ಹಾಕಿದರೆ ಬೈಯುತ್ತಾಳೆ, ಮೆಲ್ಲಗೆ ಹಾಕಿದರೂ ಬೈಯುತ್ತಾಳೆ.

ಅವಳ ತವರು ಗುಬ್ಬಿ ಕಡೆ. ಮೊದಲು ಈ ಕಾರು ಓಡಿಸುತ್ತಿದ್ದವನು ಗಂಡ ಅಂಜನಮೂರ್ತಿ. ತೆಂಗಿನ ಮರದಿಂದ ಬಿದ್ದು ಎಡಗಾಲಿನ ಬಲ ಹೋದ ಮೇಲೆ ಅವನಿಗೆ ಕ್ಲಚ್ಚು ತುಳಿಯಲು ಆಗಲಿಲ್ಲ. ಆಗ ಅವನ ಅಣ್ಣ ಹನುಮಂತರಾಜು ತನ್ನ ಹೆಂಡತಿಯ ತಮ್ಮ ಚಂದ್ರುವಿಗೆ ಕಾರು ಕೊಡಿಸಬೇಕೆಂದು ಪಟ್ಟು ಹಿಡಿದ. ಚಿಕ್ಕಮಾರಮ್ಮ ಮಾತಿಗೆ ನಿಲ್ಲಲಿಲ್ಲ. ತುಮಕೂರಿಗೆ ಓಡಾಡಿ ಡ್ರೈವಿಂಗ್ ಕಲಿತು, ಲೈಸೆನ್ಸು ಮಾಡಿಸಿಕೊಂಡು ಬಂದು ತಾನೇ ಸ್ಟೇರಿಂಗ್ ಹಿಡಿದಳು. ಅಂದಿನಿಂದ ಹನುಮಂತರಾಜು ಇವಳು ಎಲ್ಲಿ ಎಡವುತ್ತಾಳೆ ಎಂದು ಕಾಯುತ್ತಲೇ ಇದ್ದ. ಎಡವಿದರೆ ಕೀ ಚಂದ್ರುವಿಗೆ ಹೋಗುತ್ತದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು.

ಅವಳು ಎಡವಿದ್ದು ಆಯುಧಪೂಜೆಯಲ್ಲಿ. ನಮ್ಮ ಕಡೆ ಹಬ್ಬಕ್ಕೆ ಗಾಡಿಗಳನ್ನೆಲ್ಲ ತೋಟಕ್ಕೆ ಒಯ್ದು ಬೋರ್‌ವೆಲ್ ಪೈಪಿಗೆ ಒಡ್ಡುತ್ತಾರೆ. ಎಮ್ಮೆ ತೊಳೆದ ಹಾಗೆ ಕಾರು ತೊಳೆಯುತ್ತಾರೆ; ನೀರು ಎಷ್ಟು ಜೋರಾಗಿ ಬಡಿದರೆ ಅಷ್ಟು ಭಕ್ತಿ. ಅವಳ ಕಾರಿನ ಹೆಡ್‌ಲೈಟುಗಳ ಹಿಂಬದಿಯ ರಬ್ಬರ್ ಟೋಪಿಗಳು ಹರಿದಿದ್ದವು, ನೀರು ನುಗ್ಗಿತು. ಹಿಂದಿನ ಕೆಂಪು ದೀಪಕ್ಕೂ ನುಗ್ಗಿತು. ಮಾರನೆಯ ದಿನ ಕುಂಕುಮ ಹಚ್ಚಲು ಹೋದರೆ ಗಾಜಿನ ಒಳಗೆಲ್ಲ ಬೆವರಿನಂಥ ಹನಿ. ಯಾರನ್ನಾದರೂ ಕೇಳುವ ಜಾಯಮಾನ ಅವಳದಲ್ಲ. ಅಂಗಡಿಯಿಂದ ಗಮ್ ತಂದು, ದೀಪಗಳ ಹಿಂದೆ ಕಂಡ ಬಿರುಕು, ತೂತು, ಚಿಕ್ಕ ರಬ್ಬರ್ ಕೊಳವೆ, ಎಲ್ಲಕ್ಕೂ ಮೆತ್ತಿದಳು.

"ಇನ್ನೆಲ್ಲಿಂದ ಬತ್ತದೆ ನೀರು, ನೋಡೇ ಬುಡ್ತೀನಿ," ಅಂದಳು. ಹೊಸ ನೀರು ಬರಲಿಲ್ಲ, ನಿಜ. ಒಳಗಿದ್ದ ನೀರು ಹೋಗಲೂ ಇಲ್ಲ.

ಚಳಿ ಹತ್ತಿತು. ದೀಪ ಹಾಕಿದರೆ ಬೆಳಕು ರಸ್ತೆಗೆ ಬೀಳದೆ ಗಾಜಿನಲ್ಲೇ ಮಬ್ಬಾಗಿ ನಿಲ್ಲುತ್ತಿತ್ತು. ಒಂದು ಶುಕ್ರವಾರ ಬೆಳಗಿನ ಜಾವ, ಊರು ದಾಟುತ್ತಿದ್ದಂತೆ ಅವಳು ಬ್ರೇಕ್ ಒತ್ತಿದ ರಭಸಕ್ಕೆ ನನ್ನ ಹಣೆ ಮುಂದಕ್ಕೆ ಹೋಗಿ ಬಡಿಯಿತು. ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿತ್ತು. ಹೋಗಿ ಬರುವ ಗಾಡಿಗಳೇ ಪುಕ್ಕಟೆ ಒಕ್ಕಣೆ ಮಾಡಿಕೊಡಲಿ ಎಂದು ಹರಡಿ, ಕಾಯಲು ಊರಿನ ಮುದುಕ ಚಿಕ್ಕಬೋರಯ್ಯ ಕಂಬಳಿ ಹೊದ್ದು ಅಲ್ಲೇ ಮಲಗಿದ್ದ. ಬಂಪರು ಕಂಬಳಿಗೆ ತಾಗಿ ನಿಂತಿತ್ತು.

"ಗಾಡಿ ಕಣ್ಣಿಗೆ ಪೊರೆ ಬಂದೈತೇನಮ್ಮ?" ಎಂದು ಎದ್ದು ಕೂತು ಕೇಳಿದ ಮುದುಕ. ಸರ್ಕಾರಿ ರಸ್ತೆಯಲ್ಲಿ ಹಾಸಿಗೆ ಹಾಸಿದವನಿಗೆ ಸರಿಯಾಗಿ ಕೊಡೋಣವೆಂದು ನನ್ನ ನಾಲಗೆ ತುರಿಸಿತು. ಆದರೆ ಚಿಕ್ಕಮಾರಮ್ಮ ಬೈಯುವುದನ್ನೂ ಮರೆತು ಇಳಿದು, ಮುದುಕನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಅವಳು ಹೆದರಿದ್ದನ್ನು ಕಂಡು ನನಗೆ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಸಂಜೆಗೆ ಹನುಮಂತರಾಜು ಅವಳ ಜಗಲಿಯಲ್ಲಿ ಹಾಜರು.

"ಹೆಣ ಬೀಳೋಗಂಟ ಕಾಯಕ್ಕಾಗಲ್ಲ. ಸೋಮವಾರ ಚಂದ್ರುನ ಕರ್ಕೊಂಡ್ ಬತ್ತೀನಿ, ಕೀ ಕೊಟ್ಬುಡು."

"ಬನ್ನಿ," ಅಂದಳು ಅವಳು. ಅಷ್ಟೇ.

ಶನಿವಾರ ಗಾಡಿ ಇಲ್ಲವೆಂದು ಫೋನಿನಲ್ಲಿ ಹೇಳಿದಳು. ನಾನೂ ರಜೆ ಹಾಕಿ ಅವಳ ಮನೆಗೆ ಹೋದೆ. ಅಟ್ಟ ಹತ್ತಿ, ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳಲ್ಲಿ ಕೈಯಾಡಿಸುತ್ತಿದ್ದಳು. ಅಟ್ಟದ ಹಲಗೆಗಳ ಸಂದಿಯಿಂದ ಅವಳ ಸೀರೆ ಕಾಣುತ್ತಿತ್ತು.

"ಏ ವಾಣಿ, ಈ ಸಂದಿ ಎಲ್ಲಾ ಮುಚ್ಬುಟ್ರೆ ಕಾಯಿ ಏನಾಯ್ತದೆ?"

"ಗಾಳಿ ಆಡ್ದೆ ಬೂಷ್ಟು ಹಿಡೀತದೆ. ಯಾಕೆ?"

ಅವಳು ದಡದಡ ಇಳಿದು ಬಂದು ಕಾರಿನ ಬಾನೆಟ್ ಎತ್ತಿದಳು. "ನಾನ್ ಮಾಡಿರೋದೂ ಅದೇ ಕಣೇ. ಉಸಿರು ಕಟ್ಟಾಕಿದೀನಿ." ಎಲ್ಲವನ್ನೂ ಬಲ್ಲೆ ಅನ್ನುವ ಹೆಂಗಸು ತನ್ನ ತಪ್ಪನ್ನು ಇಷ್ಟು ಖುಷಿಯಿಂದ ಒಪ್ಪಿಕೊಂಡಿದ್ದು ನನಗೆ ಹೊಸದು.

ಅಂಜನಮೂರ್ತಿ ಜಗಲಿಯಿಂದಲೇ ಯಾವ ಸ್ಕ್ರೂ ಎಲ್ಲಿದೆ ಎಂದು ಹೇಳುತ್ತಾ ಹೋದ. ಅವಳು ದೀಪಗಳನ್ನು ಬಿಚ್ಚಿ, ಕೊಳವೆಗೆ ಮೆತ್ತಿದ್ದ ಗಮ್ಮನ್ನು ಚಾಕುವಿನಿಂದ ಕೆರೆದು, ಅಂಗಳದಲ್ಲಿ ಚಾಪೆ ಹಾಸಿ ಬಿಸಿಲಿಗಿಟ್ಟಳು. ದೀಪವಿಲ್ಲದ ಕಾರನ್ನು ನೋಡಲು ಬೀದಿಯ ಜನ ನೆರೆದರು. "ಗಾಡಿ ಕಣ್ಣು ಕಿತ್ತು ಒಣಗಾಕವ್ಳೆ," ಎಂದು ಯಾವನೋ ನಕ್ಕ.

"ನಿಂದೂ ಕಿತ್ಕೊಡು, ಜೊತೇಲೇ ಒಣಗ್ಲಿ," ಅಂದಳು, ತಲೆ ಎತ್ತದೆ.

ಭಾನುವಾರ ಸಂಜೆಗೆ ಹೊಸ ರಬ್ಬರ್ ಟೋಪಿ ತೊಡಿಸಿ ದೀಪಗಳನ್ನು ಕೂರಿಸಿದಳು. ಕೊಳವೆಯ ಬಾಯನ್ನು ಮಾತ್ರ ಗಾಳಿಯಾಡಲೆಂದು ಹಾಗೇ ಬಿಟ್ಟಳು.

ಸೋಮವಾರ ಬೆಳಗಿನ ಜಾವ ನಾನು ಹೋಗುವಷ್ಟರಲ್ಲಿ ಹನುಮಂತರಾಜು ಚಂದ್ರುವಿನ ಜೊತೆ ಕಾರಿನ ಮುಂದೆ ನಿಂತಿದ್ದ. ಫೋನಿನ ಟಾರ್ಚನ್ನು ಹೆಡ್‌ಲೈಟಿಗೆ ಹಿಡಿದು ನೋಡುತ್ತಿದ್ದ. ಗಾಜಿನ ಒಳಗೆ ತೆಳ್ಳಗೆ ಮಂಜು.

"ನೋಡು, ಮತ್ತೆ ಕಟ್ಟೈತೆ. ತತ್ತಾ ಕೀ."

ಚಿಕ್ಕಮಾರಮ್ಮ ಕಾರೊಳಗೆ ಕೂತು ದೀಪ ಹಾಕಿದಳು. "ಅಲ್ಲೇ ನಿಂತಿರಿ ಭಾವ, ಅಲುಗಾಡ್ಬೇಡಿ."

ಅವನು ನಿಂತ. ನಾವೆಲ್ಲ ನಿಂತೆವು. ಇಂಜಿನ್ನು ಗುರುಗುಟ್ಟುತ್ತಿತ್ತು. ದೀಪದ ಕಾವಿಗೆ ಮಂಜು ನಡುವಿನಿಂದ ಕರಗುತ್ತಾ, ಅಂಚಿಗೆ ಸರಿಯುತ್ತಾ, ಕೊನೆಗೆ ತೆರೆದಿದ್ದ ಕೊಳವೆಯಿಂದ ಹೊರಬಿದ್ದು ಇಲ್ಲವಾಯಿತು. ಬೆಳಕು ನೇರವಾಗಿ ಅವನ ಮುಖಕ್ಕೆ ಬಿತ್ತು. ಅವನ ಕುರುಚಲು ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು. ಅವನು ಮುಖಕ್ಕೆ ಕೈ ಅಡ್ಡ ಹಿಡಿದ.

"ಕಣ್ಣಿಗೆ ಹೊಡೀತದೆ, ಆರ್ಸು."

"ಹೊಡೀತದಾ? ಹಂಗಾದ್ರೆ ದಾರಿ ಬುಡಿ."

ಚಂದ್ರು ಆಗಲೇ ಪಕ್ಕಕ್ಕೆ ಸರಿದಿದ್ದ. ಹನುಮಂತರಾಜು ಸರಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ದೀಪ ಆರಿಸಲಿಲ್ಲ.