ಬೊಂಬೆಗೆ ತೊಡಿಸಿದ ಅಪ್ಪನ ಶರ್ಟು

ದೆವ್ವ, ದೃಷ್ಟಿ, ಶಕುನ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವಳು ನಾನು. ಸಿವಿಲ್ ಎಂಜಿನಿಯರಿಗೆ ಲೆಕ್ಕ ಗೊತ್ತಿದ್ದರೆ ಸಾಕು ಎಂಬ ಜಂಬ ನನ್ನದು. ಹಾಗಾಗಿ ಇದನ್ನು ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ತಮಿಳು ಸೀಮೆಯ ಕೋಡಂಬಾಕ್ಕಂನಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಿಸುವ ಹೊಣೆ ನನ್ನ ಮೇಲಿತ್ತು. ಇಲ್ಲಿ ಸೈಟಿನಲ್ಲಿ ದುಡಿಯುವ ಹೆಂಗಸರು ಬಿಸಿಲಿಗೆಂದು ಸೀರೆಯ ಮೇಲೆ ಗಂಡಸರ ಶರ್ಟು ಹಾಕಿಕೊಳ್ಳುತ್ತಾರೆ. ನಾನೂ ಚೂಡಿದಾರದ ಮೇಲೆ, ತೀರಿಹೋದ ಅಪ್ಪನ ಶರ್ಟು ಹಾಕುತ್ತಿದ್ದೆ. ಹುಡುಗಿಗೆ ಈ ಓದು ಯಾಕೆಂದು ಮಂಡ್ಯದ ನೆಂಟರೆಲ್ಲ ಮೂಗು ಮುರಿದಾಗ ಹಟ ಹಿಡಿದು ಸಿವಿಲ್ ಓದಿಸಿದವರು ಅವರೇ. ಶರ್ಟಿನ ಮೊಣಕೈ ಹರಿಯಿತು. ಅದೇ ಹೊತ್ತಿಗೆ, ಕಟ್ಟಡಕ್ಕೆ ದೃಷ್ಟಿಯಾಗದಂತೆ ಕಟ್ಟುವ ಹುಲ್ಲಿನ ಬೊಂಬೆಗೆ ಹಳೆ ಬಟ್ಟೆ ಬೇಕೆಂದು ಮೇಸ್ತ್ರಿ ಕೇಳಿದ. ನಗುತ್ತಲೇ ಕೊಟ್ಟುಬಿಟ್ಟೆ.

ಬೀದಿಯ ಕಡೆಗೆ ಚಾಚುವ ಬಾಲ್ಕನಿಗೆ ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಸುರಿಯಲು ಹಾಸಿದ ಸೆಂಟ್ರಿಂಗ್ ಹಲಗೆಗಳ ಕೆಳಗೆ ನಿಂತು, ಅವನ್ನು ಹೊತ್ತ ಕಬ್ಬಿಣದ ಜಾಕಿಗಳನ್ನು ಅಲುಗಿಸಿ ನೋಡುತ್ತಿದ್ದೆ. ಬೆನ್ನ ಹಿಂದೆ ಅಪ್ಪನ ದನಿ ಕೇಳಿತು.

"ಪುಟ್ಟಿ, ಈಚೆಗ್ ಬಂದ್ಬುಡವ್ವ."

ಆ ಸೈಟಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಓಡಿ ಹೊರಗೆ ಬಂದೆ. ಕಂಬಕ್ಕೆ ಕಟ್ಟಿದ ಬೊಂಬೆ ಬಿಟ್ಟರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಎನ್ನ ಮೇಡಂ, ಏದಾವದು ಪ್ರಾಬ್ಲಮಾ?" ಎನ್ನುತ್ತ ಮೇಸ್ತ್ರಿ ಬಂದ. ಸೆಂಟ್ರಿಂಗ್ ಸರಿಯಿಲ್ಲ, ಕಾಂಕ್ರೀಟ್ ಹಾಕಬೇಡಿ ಎಂದುಬಿಟ್ಟೆ. ಬಂದ ಕಾಂಕ್ರೀಟ್ ಲಾರಿ ವಾಪಸು ಹೋಯಿತು. ಜಾಕಿಗಳನ್ನೆಲ್ಲ ಬಿಚ್ಚಿಸಿ ಮತ್ತೆ ನಿಲ್ಲಿಸಿದೆ, ಕಂಬಿಗಳನ್ನು ನಕ್ಷೆಗೆ ತಾಳೆ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ. ಕಾರಣ ಕೇಳಿದ ಮಾಲೀಕರಿಗೆ, ಎಲ್ಲ ಇನ್ನೊಮ್ಮೆ ನೋಡಬೇಕಿತ್ತು ಎಂದೆ. ಅಪ್ಪ ಕರೆದರು ಎನ್ನಲಾದೀತೇ?

ಮರುದಿನ ಅದೇ ಸ್ಲ್ಯಾಬ್ ಹಾಕಿಸಿದೆ. ಗಟ್ಟಿಯಾಗಿದೆ ಎಂದು ಸಹಿ ಹಾಕಿದವಳೂ ನಾನೇ. ಈಗ ಅಲ್ಲಿ ಯಾವುದೋ ಮಗುವಿನ ಬಟ್ಟೆ ಒಣಗುತ್ತಿರುತ್ತದೆ. ಒಂದು ಬಿರುಕೂ ಬಿಟ್ಟಿಲ್ಲ. ಆ ದನಿ ನನ್ನ ಆಯಾಸವೋ, ಶರ್ಟು ಕೊಟ್ಟ ಸಂಕಟವೋ, ಅಪ್ಪ ನಿಜಕ್ಕೂ ಏನನ್ನಾದರೂ ಕಂಡರೋ, ಇವತ್ತಿಗೂ ತಿಳಿಯದು. ಲೆಕ್ಕ ನಂಬದೆ ಕೆಲಸ ನಿಲ್ಲಿಸಿದೆನೆಂದು ನಾಚಿಕೆ. ಅಪ್ಪನನ್ನು ನಂಬದೆ ಅದೇ ಸ್ಲ್ಯಾಬ್ ಹಾಕಿಸಿದೆನಲ್ಲ ಎಂದೂ ನಾಚಿಕೆ.

ಮೊನ್ನೆ ಮಧ್ಯಾಹ್ನ ಮಗಳ ಜೊತೆ ಆ ಬೀದಿಯಲ್ಲಿ ಹೋಗುತ್ತಿದ್ದೆ. ಬಾಲ್ಕನಿ ಹತ್ತಿರವಾಗುತ್ತಲೇ ಅವಳ ಕೈ ಹಿಡಿದೆಳೆದು ರಸ್ತೆ ದಾಟಿಸಿದೆ. ನೀನೇ ಕಟ್ಟಿಸಿದ ಬಿಲ್ಡಿಂಗ್ ತಾನೇ ಅದು, ಯಾಕಮ್ಮಾ ಈ ಕಡೆ ಬಂದೆ ಎಂದು ಅವಳು ತಮಿಳಿನಲ್ಲಿ ಕೇಳಿದಳು.

"ಬಿಸ್ಲು ಕಣೇ. ಈ ಕಡೆ ನೆರಳದೆ" ಎಂದೆ.

ನೆರಳಿದ್ದದ್ದು ಆ ಬಾಲ್ಕನಿಯ ಕೆಳಗೆ.