ಅಜ್ಜನಿಗೊಂದು ಕೂಗು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಗುಡುಗಮ್ಮ ಎಂದೇ ಕರೆಯುವುದು. ಹಾಜರಿ ಹಾಕುವಾಗ ಮಾತ್ರ ಮೇಲ್ವಿಚಾರಕ ತಡವರಿಸಿ ಅವಳ ನಿಜವಾದ ಹೆಸರು ನೆನಪು ಮಾಡಿಕೊಳ್ಳುತ್ತಾನೆ. ಆಳು ನೋಡಿದರೆ ಒಂದು ಹಿಡಿ. ಬಟ್ಟೆ ತುಂಬಿದ ಗಾಡಿಯನ್ನು ಅವಳು ತಳ್ಳಿಕೊಂಡು ಬಂದರೆ ಗಾಡಿಯೇ ತಾನಾಗಿ ಉರುಳಿ ಬರುತ್ತಿದೆ ಅನ್ನಿಸುತ್ತದೆ. ಆದರೆ ಒಗೆಯುವ ಯಂತ್ರ, ಹಿಂಡುವ ಯಂತ್ರ, ಒಣಗಿಸುವ ಯಂತ್ರ ಎಲ್ಲ ಒಟ್ಟಿಗೆ ಬೊಬ್ಬೆ ಹಾಕುವಾಗ ಈ ಮೂಲೆಯಿಂದ ಆ ಮೂಲೆಗೆ ಕೇಳುವ ಹಾಗೆ ಕೂಗಬಲ್ಲವಳು ಅವಳೊಬ್ಬಳೇ.

ಅಲ್ಲಿ ಅವಳಿಗೆ ಇಷ್ಟವಾದ ಕೆಲಸ ಎಳೆಯುವುದು. ಹಿಂಡಿದ ಬೆಡ್‌ಶೀಟು ಹಗ್ಗದ ಹಾಗೆ ತಿರುಚಿಕೊಂಡು ಬರುತ್ತದೆ. ಹಾಗೆಯೇ ಇಸ್ತ್ರಿಗೆ ಕೊಟ್ಟರೆ ಸುಕ್ಕು ಸುಟ್ಟು ಗೆರೆ ಬೀಳುತ್ತದೆ. ಅದಕ್ಕೇ ಇಬ್ಬರು ಎರಡು ತುದಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು, ಹಿಂದಕ್ಕೆ ವಾಲಿ ಎಳೆಯಬೇಕು. ಒಬ್ಬಳು ಕೈಬಿಟ್ಟರೆ ಇನ್ನೊಬ್ಬಳು ಅಂಗಾತ. ಗುಡುಗಮ್ಮನ ಎದುರು ತುದಿ ಯಾವಾಗಲೂ ಇಸ್ತ್ರಿ ಯಂತ್ರ ನೋಡಿಕೊಳ್ಳುವ ಇಸ್ತ್ರಿ ಅಕ್ಕನದು. "ನಿನ್ನ ಮುಖ ನೋಡಿದಷ್ಟು ನನ್ನ ಗಂಡನ ಮುಖ ನೋಡಿಲ್ಲ ಕಣೆ" ಎಂದು ಅಕ್ಕ ಹೇಳುವುದುಂಟು. "ನೋಡಿದ್ರೆ ಇಷ್ಟು ವರ್ಷ ಬಾಳ್ತಿದ್ದೆಯಾ?" ಎಂದು ಗುಡುಗಮ್ಮ ಕೇಳುವುದೂ ಉಂಟು.

ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ ಅವಳ ಕಿವಿಗೆ ಬಿದ್ದದ್ದೂ ಅಲ್ಲಿಯೇ. ಆಗ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ಒಂದು ಹಳೆಯ ಟೇಪ್ ರೆಕಾರ್ಡರ್ ತಂದಿಟ್ಟಿದ್ದ. ಮೆಲುದನಿಯ ಹಾಡು ಹಾಕಿದರೆ ಯಂತ್ರಗಳ ಸದ್ದಿನಲ್ಲಿ ನೀರಿಗೆ ಬಿದ್ದ ಸೋಪಿನ ಹಾಗೆ ಕರಗಿಹೋಗುತ್ತಿತ್ತು. ಕರಗದೆ ಉಳಿದದ್ದು ಒಬ್ಬನೇ ಒಬ್ಬನ ದನಿ. ಕಪ್ಪು ಅಂಗಿ, ಸೊಂಟದವರೆಗೆ ಕೂದಲು, ಎದೆಯೊಳಗೆ ಕಬ್ಬಿಣ ಕಾಯಿಸಿ ಬಡಿಯುತ್ತಿರುವಂಥ ಗಂಟಲು. ಅಭಿಮಾನಿಗಳು ಅವನನ್ನು ಮೊದಲು ಅಣ್ಣ ಅನ್ನುತ್ತಿದ್ದರು. ಕೂದಲು ಬೆಳ್ಳಗಾದ ಮೇಲೆ ಅಜ್ಜ ಅಂದರು. ನಡುವೆ ಚಿಕ್ಕಪ್ಪನೋ ಮಾವನೋ ಆಗುವ ಕಷ್ಟ ಅವನಿಗೆ ಬರಲೇ ಇಲ್ಲ.

ಅವನ ಹಾಡುಗಳಲ್ಲಿ ದೊಡ್ಡದು ಮುಚ್ಚಿದ ಬಾಗಿಲಿನ ಹಾಡು. ಬಾಗಿಲ ಮುಂದೆ ನಿಂತವನು ಮೊದಲು ಕೇಳುತ್ತಾನೆ, ಆಮೇಲೆ ಬಡಿಯುತ್ತಾನೆ, ಕೊನೆಗೆ ಮಾತು ಬಿಟ್ಟು ಬರೀ ಕೂಗುತ್ತಾನೆ. ಆ ಕೂಗು ಎಷ್ಟು ಉದ್ದ ಎಂದರೆ, ಕೇಳುವವರ ಉಸಿರು ಮೊದಲು ಮುಗಿಯುತ್ತದೆ. ಬೆಡ್‌ಶೀಟು ಎಳೆಯುತ್ತಾ ಎಳೆಯುತ್ತಾ ಗುಡುಗಮ್ಮ ಅದನ್ನು ಕಲಿತಳು. ಮಗಳು ಹುಟ್ಟಿ ನಿದ್ದೆಯಿಲ್ಲದ ದಿನಗಳಲ್ಲಿ, ತಾಯಿ ತೀರಿಕೊಂಡು ಅಳಲು ಪುರುಸೊತ್ತಿಲ್ಲದ ದಿನಗಳಲ್ಲಿ, ಅವಳು ಲಾಂಡ್ರಿಗೆ ಬಂದು ಒಂದು ಸಲ ಕೂಗಿ ಹಗುರಾಗುತ್ತಿದ್ದಳು. ಯಂತ್ರಗಳ ಮಧ್ಯೆ ಕೂಗಿದ್ದು ಯಾರಿಗೆ ಕೇಳಬೇಕು? ಇಸ್ತ್ರಿ ಅಕ್ಕನಿಗೆ ಮಾತ್ರ ಕೇಳುತ್ತಿತ್ತು. ಅವಳು ತನ್ನ ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಮನೆಯಲ್ಲಿ ಅವಳು ಹಾಡಿದವಳೇ ಅಲ್ಲ. ಅಲ್ಲಿ ಅವಳ ದನಿಗೆ ಬೇರೆ ಕೆಲಸವಿತ್ತು. ಟವೆಲು ಬಾಗಿಲ ಹಿಂದಿದೆ, ಮಾತ್ರೆ ಊಟದ ಮೇಲೆ, ಒಲೆ ಸಣ್ಣ ಮಾಡಿ, ಹಾಲು ಮುಚ್ಚಿಡಿ. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಕತ್ತಲ ಗುಂಡಿಯೊಳಗೆ ಇಳಿದು ಕೂದಲೆಳೆಯಷ್ಟು ತಂತಿ ಹುಡುಕಿ ತೆಗೆಯುವ ಜಾಣ. ಅಡುಗೆಮನೆಗೆ ಕಾಲಿಟ್ಟರೆ ಮಾತ್ರ ಅವನ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.

ಒಂದು ದಿನ ಕಾಲೇಜಿಗೆ ಹೋಗುವ ಮಗಳು ಫೋನು ಹಿಡಿದುಕೊಂಡು ಪಾತ್ರೆ ತೊಳೆಯುವ ಜಾಗಕ್ಕೇ ಬಂದಳು.

"ಅಮ್ಮಾ, ನಿಮ್ಮಜ್ಜನಿಗೆ ಗಂಟಲು ಹೋಯ್ತಂತೆ. ಆಪರೇಷನ್ ಆಗಿದೆ. ಇನ್ಮೇಲೆ ಹಾಡೋ ಹಾಗಿಲ್ವಂತೆ."

ಗುಡುಗಮ್ಮ ತಟ್ಟೆಯನ್ನು ಹಾಗೇ ನೀರಿನಡಿ ಹಿಡಿದು ನಿಂತಳು.

"ಇನ್ನೂ ಕೇಳು. ಕೊನೇ ಸಲ ಸ್ಟೇಜ್ ಮೇಲೆ ಬಂದು ಸುಮ್ನೆ ನಿಂತ್ಕೋತಾನಂತೆ. ಬಾಗಿಲಿನ ಹಾಡಿನ ಕೂಗು ಇದೆಯಲ್ಲ, ಅದನ್ನ ಅವನ ಬದಲು ಅಭಿಮಾನಿಗಳು ಕೂಗ್ಬೇಕು. ಎಲ್ಲಾ ಊರಿನವರೂ ರೆಕಾರ್ಡ್ ಮಾಡಿ ಕಳಿಸ್ತಿದ್ದಾರೆ. ಎಲ್ಲಾ ಸೇರಿಸಿ ಅವನಿಗೆ ಕೇಳಿಸ್ತಾರೆ. ಕಳಿಸೋಕೆ ಭಾನುವಾರ ಸಂಜೆ ಕೊನೆ."

"ನಾನೂ ಕಳಿಸ್ತೀನಿ" ಎಂದಳು ಗುಡುಗಮ್ಮ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಹಾಲ್‌ನಲ್ಲಿ ಕೂತಿದ್ದ ಅತ್ತೆಗೆ ಬೇಡದ ಮಾತು ಬಹಳ ಚೆನ್ನಾಗಿ ಕೇಳಿಸುತ್ತದೆ. "ಏನು ಕಳಿಸ್ತಾಳಂತೆ?"

"ಕೂಗು, ಅಜ್ಜಿ."

"ಕೂಗನ್ನ ಕಳಿಸ್ತಾರಾ? ಯಾವ ಕಾಲ ಬಂತಪ್ಪ! ಹೆಂಗಸರು ಕೂಗೋದು ಮನೆಗೆ ಬೆಂಕಿ ಬಿದ್ದಾಗ."

"ಅತ್ತೆ, ಆ ಮನುಷ್ಯ ಇಷ್ಟು ವರ್ಷ ನನ್ನ ಬದಲು ಕೂಗಿದಾನೆ" ಎಂದಳು ಗುಡುಗಮ್ಮ. "ಒಂದು ಸಲ ಅವನ ಬದಲು ನಾನು ಕೂಗ್ತೀನಿ. ತಪ್ಪಾ?"

ಅತ್ತೆ ಕನ್ನಡಕ ತೆಗೆದು ಸೊಸೆಯನ್ನು ನೋಡಿದರು. ಸೊಸೆ ತನಗಾಗಿ ಏನಾದರೂ ಬೇಕು ಎಂದದ್ದು ಅವರಿಗೆ ನೆನಪಿರಲಿಲ್ಲ.

ಕಳಿಸುವುದಕ್ಕೆ ಒಂದೇ ಕಟ್ಟಳೆ: ಬೇರೆ ಯಾವ ಸದ್ದೂ ಇರಬಾರದು. ಊರಿನ ಅಭಿಮಾನಿಗಳ ಗುಂಪಿಗೆ ಗಿಟಾರು ರಿಪೇರಿ ಮಾಡುವ ಗಡ್ಡದವನೊಬ್ಬ ಯಜಮಾನ. ಮಗಳು ಕೇಳಿದ್ದಕ್ಕೆ, "ನಿಮ್ಮಮ್ಮಂಗೆ ಹೇಳಮ್ಮ, ಫ್ಯಾನ್ ಕೂಡ ತಿರುಗಬಾರದು" ಎಂದು ಅವನು ಖಡಕ್ಕಾಗಿ ಹೇಳಿದ್ದ.

ಭಾನುವಾರ ಬೆಳಿಗ್ಗೆ ಮಗಳು ಮನೆಯನ್ನು ಪರೀಕ್ಷೆಯ ಕೊಠಡಿ ಮಾಡಿದಳು. ಫ್ಯಾನ್ ನಿಂತಿತು. ಫ್ರಿಜ್ಜಿನ ಸ್ವಿಚ್ ಆರಿತು. ಅಪ್ಪನಿಗೆ ಒಲೆಯ ಕಾವಲು, ಅಜ್ಜಿಗೆ ಬಾಗಿಲ ಬಳಿಯ ಕುರ್ಚಿ. "ಯಾರೂ ಅಮ್ಮನ್ನ ಕರೀಬಾರದು. ಸೀನು ಬಂದ್ರೂ ನುಂಗ್ಕೊಳ್ಳಿ."

ಮಲಗುವ ಕೋಣೆಯಲ್ಲಿ ಗುಡುಗಮ್ಮ ಫೋನಿನ ಮುಂದೆ ನಿಂತಳು. ಇಷ್ಟು ನಿಶ್ಶಬ್ದವಾದ ಮನೆಯನ್ನು ಅವಳು ಎಂದೂ ಕಂಡಿರಲಿಲ್ಲ. ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ ಕಿರ್ರೆಂದಿತು.

"ಇನ್ನೊಂದ್ಸಲ" ಎಂದಳು ಮಗಳು.

ಎರಡನೆಯ ಸಲ ಸ್ವಲ್ಪ ಬಂತು. ಜೊತೆಗೆ ಸರಬರ ಸದ್ದೂ ಬಂತು. ಮಗಳು ಕಣ್ಣುಬಿಟ್ಟು ನೋಡಿದರೆ ಅಮ್ಮ ಮಂಚದ ಮೇಲಿದ್ದ ಬಟ್ಟೆಯ ರಾಶಿಯಿಂದ ಅಂಗಿ ಎತ್ತಿ ಮಡಚುತ್ತಿದ್ದಾಳೆ.

"ಅಮ್ಮಾ! ಮಡಚ್ತಿದ್ದೀಯಾ?"

"ನಾನೆಲ್ಲಿ?" ಎನ್ನುತ್ತಾ ಗುಡುಗಮ್ಮ ಕೈ ನೋಡಿಕೊಂಡಳು. ತೋಳು ಎರಡೂ ನೀಟಾಗಿ ಒಳಗೆ ಹೋಗಿದ್ದವು.

ಮೂರನೆಯ ಸಲ ಕೈ ಕಟ್ಟಿ ನಿಂತಳು. ಕಣ್ಣು ಮುಚ್ಚಿದಳು. ಕೂಗು ಹೊಟ್ಟೆಯಿಂದ ಎದ್ದು, ಎದೆ ದಾಟಿ, ಇನ್ನೇನು ಏರಬೇಕು, ಆಗ ಬಾಗಿಲಾಚೆಯಿಂದ ಗಂಡನ ಪಿಸುದನಿ: "ಬೇಳೆಗೆ ಉಪ್ಪು ಹಾಕಿದೀಯಾ?"

ಕೂಗು ಮುರಿಯಲಿಲ್ಲ. ಅದೇ ಶ್ರುತಿಯಲ್ಲಿ, ಅದೇ ಉಸಿರಿನಲ್ಲಿ ಗುಡುಗಮ್ಮ, "ಹಾಕಿಲ್ಲಾಆಆ, ನೀವೇ ಹಾಕೀಈಈ" ಎಂದು ಮುಗಿಸಿದಳು.

ಮಗಳು ಮಂಚದ ಮೇಲೆ ಬಿದ್ದು ನಕ್ಕಳು. ಅತ್ತೆಯೂ ನಕ್ಕರು. ರೆಕಾರ್ಡ್ ಆದದ್ದನ್ನು ಮಗಳು ಹಾಲ್‌ಗೆ ತಂದು ಜೋರಾಗಿ ಹಾಕಿದಳು. ಎರಡನೆಯ ಸಲ ಹಾಕಿದಾಗ ಗಂಡ ನಗುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

"ಅಷ್ಟು ಚೆನ್ನಾಗಿ ಬರ್ತಿತ್ತು" ಎಂದ. "ಈ ದನಿ ಎಲ್ಲಿತ್ತು ನಿಂದು?"

"ಲಾಂಡ್ರೀಲಿ" ಎಂದಳು ಗುಡುಗಮ್ಮ. ಅಂದದ್ದೇ ಚಪ್ಪಲಿ ಮೆಟ್ಟಿದಳು. "ಮಗಳೇ, ಫೋನ್ ತಗೋ. ಇಲ್ಲಿ ಆಗಲ್ಲ."

"ಊಟ?" ಎಂದು ಕೇಳಲು ಗಂಡ ಬಾಯಿ ತೆರೆದ. ಅತ್ತೆ ಕುರ್ಚಿಯಿಂದಲೇ ಅವನ ಮೊಣಕೈ ಹಿಡಿದೆಳೆದರು. "ಬೇಳೆ ಬೆಂದಿದೆ, ಬಾಯಿ ಮುಚ್ಕೊಂಡು ಉಪ್ಪು ಹಾಕು. ಹೋಗಿ ಬಾರಮ್ಮ ನೀನು."

ಆಸ್ಪತ್ರೆಯ ಹಾಸಿಗೆಗೆ ಭಾನುವಾರವಿಲ್ಲ, ಹಾಗಾಗಿ ಲಾಂಡ್ರಿಗೂ ಇಲ್ಲ. ಅವತ್ತು ಗುಡುಗಮ್ಮನಿಗೆ ಸರದಿಯ ರಜೆ, ಮೇಲ್ವಿಚಾರಕನಿಗೂ ರಜೆ. ಇಸ್ತ್ರಿ ಅಕ್ಕ ವಿಷಯ ಕೇಳಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು, ಉಳಿದ ಹೆಂಗಸರಿಗೆ ಹೇಳಿದಳು: "ಈ ಸುತ್ತು ಮುಗಿದ ಮೇಲೆ ಯಾರೂ ಸ್ವಿಚ್ ಮುಟ್ಟಬೇಡಿ. ನಾನು ಹೇಳೋತನಕ."

ಒಂದೊಂದಾಗಿ ಯಂತ್ರಗಳು ನಿಂತವು. ಕೊನೆಯದು ನರಳಿ ಸುಮ್ಮನಾಯಿತು. ಎಲ್ಲೋ ನೀರು ಇಳಿಯುವ ಸದ್ದು, ಆಮೇಲೆ ಅದೂ ಇಲ್ಲ.

ಗುಡುಗಮ್ಮ ಮಧ್ಯದಲ್ಲಿ ನಿಂತಳು. ಕೈ ಜೋತುಬಿದ್ದಿದ್ದವು. ಬಾಯಿ ತೆರೆದರೆ ಮನೆಯಲ್ಲಾದ ಹಾಗೇ ಇಲ್ಲಿಯೂ ಕಿರ್ರೆಂದಿತು. "ಆಗ್ತಿಲ್ಲ ಅಕ್ಕ" ಎಂದಳು. "ಸದ್ದಿಲ್ಲದೆ ಇದ್ರೆ ನಂಗೆ ನಾನೇ ಕೇಳಿಸ್ತೀನಿ. ಭಯ ಆಗುತ್ತೆ."

ಅಕ್ಕ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಿಂತ್ಕೊಂಡಿರೋದು ನೋಡು, ಫೋಟೋ ತೆಗೆಸ್ಕೊಳ್ಳೋಳ ಹಾಗೆ. ಹೀಗೆ ನಿಂತು ಯಾವತ್ತು ಕೂಗಿದ್ದೆ ನೀನು?" ಎನ್ನುತ್ತಾ ಗಾಡಿಯಿಂದ ಹಿಂಡಿದ ಬೆಡ್‌ಶೀಟೊಂದನ್ನು ಎತ್ತಿದಳು. ಒಂದು ತುದಿಯನ್ನು ಗುಡುಗಮ್ಮನ ಕೈಗೆ ತುರುಕಿ, ಇನ್ನೊಂದನ್ನು ತನ್ನ ಮುಂಗೈಗೆ ಸುತ್ತಿಕೊಂಡು ಹಿಂದಕ್ಕೆ ನಡೆದಳು.

"ಸದ್ದು?" ಎಂದಳು ಮಗಳು.

"ಒದ್ದೆ ಬಟ್ಟೆ ಬಾಯಿ ಬಿಡಲ್ಲ ಮಗಳೇ" ಎಂದು ಅಕ್ಕ ಗುಡುಗಮ್ಮನ ಕಡೆ ತಿರುಗಿದಳು. "ಎಳೀ ಕಣೇ."

ಬೆಡ್‌ಶೀಟು ಬಿಗಿಯಾಯಿತು. ಗುಡುಗಮ್ಮ ಹಿಮ್ಮಡಿ ಊರಿ ಹಿಂದಕ್ಕೆ ವಾಲಿದಳು. ಬೆನ್ನು ನೆಟ್ಟಗಾಯಿತು, ಪಕ್ಕೆಲುಬು ತೆರೆದವು, ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಎದುರಿಗೆ ಅಕ್ಕನ ಕೆಂಪಗಾದ ಮುಖ. ಅವಳು ಬಿಡುವುದಿಲ್ಲ. ಬೀಳುವ ಭಯವಿಲ್ಲ.

ಗುಡುಗಮ್ಮ ಕೂಗಿದಳು.

ಮೊದಲು ಅದು ಹಲ್ಲಿನ ನಡುವೆ ಗುರುಗುಟ್ಟಿತು, ಆಮೇಲೆ ಬಾಯಿ ತುಂಬಿತು, ಆಮೇಲೆ ತಗಡಿನ ಮಾಡಿಗೆ ಹೋಗಿ ಬಡಿಯಿತು. ಮೂಲೆಯಲ್ಲಿದ್ದ ಹೆಂಗಸೊಬ್ಬಳು ತನಗೆ ತಿಳಿಯದೆಯೇ ಗಾಡಿಯ ಹಿಡಿ ಹಿಡಿದು ತಾನೂ ಹಿಂದಕ್ಕೆ ವಾಲಿದ್ದಳು. ಕೂಗು ಮುಗಿಯಿತು. ಕಾರಿಡಾರಿನಲ್ಲಿ ಓಡುವ ಹೆಜ್ಜೆ ಕೇಳಿಸಿತು, ನರ್ಸ್ ಒಬ್ಬಳು ಬಾಗಿಲಲ್ಲಿ ಕಾಣಿಸಿಕೊಂಡಳು.

"ಏನಾಯ್ತು? ಯಾರಿಗೆ ಏನಾಯ್ತು?"

"ಏನಿಲ್ಲ ಸಿಸ್ಟರ್" ಎಂದಳು ಇಸ್ತ್ರಿ ಅಕ್ಕ. "ಬೆಡ್‌ಶೀಟ್ ಎಳೀತಿದ್ವಿ."

ಮಗಳು ಅಲ್ಲಿಂದಲೇ ಕಳಿಸಿದಳು. ಗಡ್ಡದವನಿಂದ ಮೊದಲು ಬಂದದ್ದು ಪ್ರಶ್ನೆ: ಇದು ಒಬ್ಬರೇ ಕೂಗಿದ್ದಾ? ಆಮೇಲೆ ಇನ್ನೊಂದು: ಒಂದೇ ಉಸಿರಾ? ಮಗಳು ಎರಡಕ್ಕೂ ಹೌದು ಎಂದಳು. ಬಹಳ ಹೊತ್ತಿನ ಮೇಲೆ, "ಅಮ್ಮನಿಗೆ ನಮಸ್ಕಾರ ಹೇಳು" ಎಂದು ಬಂತು.

ಅಜ್ಜನ ಕೊನೆಯ ಕಾರ್ಯಕ್ರಮವನ್ನು ಲಾಂಡ್ರಿಯವರೆಲ್ಲ ಊಟದ ವಿರಾಮದಲ್ಲಿ, ಅದಕ್ಕೆಂದೇ ಬಂದಿದ್ದ ಮಗಳ ಫೋನಿನಲ್ಲೇ ನೋಡಿದರು, ತಲೆಗೆ ತಲೆ ತಾಗಿಸಿ. ಬೆಳ್ಳಗಿನ ಕೂದಲಿನ ಮುದುಕ ಕೊರಳಿಗೆ ಬಟ್ಟೆ ಸುತ್ತಿಕೊಂಡು ಮೆಲ್ಲಗೆ ಬಂದು ನಿಂತ. ಹಾಡು ಕೊನೆಗೆ ಬಂತು. ಅವನು ಬಾಯಿ ತೆರೆಯಲಿಲ್ಲ. ಎಲ್ಲಾ ಕಡೆಯಿಂದ ಕೂಗು ಎದ್ದಿತು, ಸಾವಿರಾರು ಜನರ ಒಂದೇ ಕೂಗು. ಅವನು ಎರಡೂ ಕೈಯನ್ನು ಎದೆಗೊತ್ತಿಕೊಂಡ. ಕಣ್ಣಲ್ಲಿ ನೀರು ಬಂತು, ಒರೆಸಲಿಲ್ಲ.

"ಇದರಲ್ಲಿ ನಿಂದು ಯಾವುದೇ?" ಎಂದಳು ಅಕ್ಕ.

ಗುಡುಗಮ್ಮ ಕಿವಿಗೊಟ್ಟು ಕೇಳಿದಳು. ಮತ್ತೆ ಹಾಕಿಸಿ ಕೇಳಿದಳು. "ಗೊತ್ತೇ ಆಗ್ತಿಲ್ಲ ಅಕ್ಕ!" ಎಂದಳು. ಮುಖವೆಲ್ಲ ನಗು. "ಎಷ್ಟು ಜನ ನೋಡು! ಅವನಿಗೆ ಕೂಗಬೇಕು ಅಂತ ಎಷ್ಟು ಜನ!"

ಗಡ್ಡದವನ ಮಾತೂ ಬಂದಿತ್ತು. ಗುಂಪಿನವರು ತಿಂಗಳಿಗೊಂದು ಭಾನುವಾರ ಅವನ ಅಂಗಡಿಯಲ್ಲಿ ಸೇರಿ ಅಜ್ಜನ ಹಾಡು ಹಾಡುತ್ತಾರೆ. ಇನ್ನು ಅಜ್ಜನ ಹಾಡು ಉಳಿಯಬೇಕಾದ್ದು ನಮ್ಮ ಗಂಟಲಲ್ಲೇ ಅಲ್ಲವೇ, ಅಮ್ಮ ಬರಬೇಕು ಎಂದು ಬರೆದಿದ್ದ.

"ಅವಳು ಒಬ್ಬಳೇ ಬರೋದಿಲ್ಲ ಅಂತ ಬರಿ" ಎಂದು ಇಸ್ತ್ರಿ ಅಕ್ಕ ಮಗಳಿಗೆ ಹೇಳಿದಳು. "ನಾನೂ ಬೇಕು."

"ಹಾಗಾದ್ರೆ ನಾವೇನು ಪಾಪ ಮಾಡಿದೀವಿ?" ಎಂದಳು ಗಾಡಿಯ ಹಿಡಿ ಹಿಡಿದು ವಾಲಿದ್ದವಳು. "ಆ ಭಾನುವಾರ ನಂಗೂ ರಜೆ ಬೇಕು."

"ಎಲ್ರೂ ಹೋದ್ರೆ ಬಟ್ಟೆ ಯಾರು ಒಗೀತಾರೆ?" ಎಂದ ಮೇಲ್ವಿಚಾರಕ ಬಾಗಿಲಿನಿಂದ.

"ಸರದಿ ಪ್ರಕಾರ ಹೋಗ್ತೀವಿ ಸಾರ್. ಈ ತಿಂಗಳು ಇಬ್ಬರು, ಮುಂದಿನ ತಿಂಗಳು ಇನ್ನಿಬ್ಬರು" ಎಂದಳು ಇಸ್ತ್ರಿ ಅಕ್ಕ.

ಸರಿ, ಮೊದಲ ಇಬ್ಬರು ಯಾರು ಎಂದು ಜಗಳ ಎದ್ದಿತು. ಎಂಥ ರಜೆ ಬಂದರೂ "ಮೊದಲು ನೀವು ತಗೊಳ್ಳಿ, ನಂದು ಇದ್ದೇ ಇದೆ" ಎನ್ನುತ್ತಿದ್ದ ಗುಡುಗಮ್ಮ ಅವತ್ತು ಹಾಗೆನ್ನಲಿಲ್ಲ. ಮೇಲ್ವಿಚಾರಕನ ಮುಂದೆ ಹೋಗಿ ನಿಂತು, "ಮೊದಲನೇ ಜಾಗ ನಂದು ಸಾರ್, ಪ್ರತಿ ತಿಂಗಳೂ" ಎಂದಳು. ಎರಡನೆಯದಕ್ಕೆ ಜಗಳ ಮುಂದುವರಿಯಿತು.