ಸುಶೀಲತ್ತೆಗೆ ಗಾಳಿ ಹಿಡಿದಿರಲಿಲ್ಲ

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಈಗಲೂ ನಾನು ಒಲೆ ಆರಿಸಿ ಹೊರಗೆ ಬಂದುಬಿಡುತ್ತೇನೆ. ಮನೆಯವರು ಕೆಮ್ಮುತ್ತಲೇ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಘಾಟಿನ ಹಿಂದೆ ಮಿಡಿಗೇಶಿಯ ನಮ್ಮ ಹಳೆಯ ಮನೆಯ ನಡುಮನೆ ಇದೆ, ಕಂಬಕ್ಕೆ ಒರಗಿ ಕೂತ ಸುಶೀಲತ್ತೆ ಇದ್ದಾಳೆ, ಅವಳ ಮುಖದ ಮುಂದೆ ಹೊಗೆಯಾಡುವ ಕೆಂಡದ ಹೆಂಚು ಹಿಡಿದ ದೊಡ್ಡಪ್ಪ ಇದ್ದಾನೆ. ಅವನಿಗೆ ಬಹುವಚನ ಕೊಡು ಎಂದು ಅಮ್ಮ ಇಂದಿಗೂ ಹೇಳುತ್ತಾಳೆ, ಕೊಡಲಾರೆ. "ಹೇಳು, ಯಾರು ನೀನು? ಎಲ್ಲಿಂದ ಬಂದೆ?" ಎಂದು ಅವನು ಗದರಿಸುತ್ತಿದ್ದ. ಅತ್ತೆ ಉಸಿರು ಸಿಕ್ಕದೆ ಒದ್ದಾಡುತ್ತಾ, "ನಾನು ಸುಶೀಲ ಕಣಣ್ಣ, ನಿನ್ ತಂಗಿ ಕಣಣ್ಣ" ಎನ್ನುತ್ತಿದ್ದಳು. ಅಷ್ಟು ನಿಜವಾದ ಉತ್ತರವನ್ನು ಆ ಮನೆಯಲ್ಲಿ ಯಾರೂ ನಂಬಲಿಲ್ಲ. ಅಣ್ಣನೆದುರು ಎಂದೂ ಬಾಯಿ ತೆರೆಯದ ನನ್ನ ಅಪ್ಪ ಅಂದೂ ತೆರೆಯಲಿಲ್ಲ.

ಅತ್ತೆ ಅಪ್ಪನ ಕೊನೆಯ ತಂಗಿ. ಕೋಟೆಬೆಟ್ಟದ ಕೆಳಗಿನ ನಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ವರ್ಷದಲ್ಲಿ ಕೆಲವು ವಾರ ಅವಳಿಗೆ ನಿದ್ದೆಯೇ ಬೇಡವಾಗುತ್ತಿತ್ತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತಿತ್ತು. ಒಮ್ಮೆ ಗಿರಾಕಿಗಳ ಬಟ್ಟೆಯನ್ನೆಲ್ಲ ಕತ್ತರಿಸಿ ಬೀದಿಯ ಹೆಣ್ಣುಮಕ್ಕಳಿಗೆ ಲಂಗ ಹೊಲಿದು ಹಂಚಿದಳು. ನನ್ನದು ಮೂರು ಬಣ್ಣದ್ದು. ಅಷ್ಟು ಚೆಂದದ ಬಟ್ಟೆಯನ್ನು ಆಮೇಲೆ ನಾನು ಉಟ್ಟಿಲ್ಲ. ಆಮೇಲೆ ಯಾವುದೋ ಬೆಳಿಗ್ಗೆ ಎಲ್ಲವೂ ನಿಂತುಹೋಗುತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿದವಳು ತಲೆ ಬಾಚುತ್ತಿರಲಿಲ್ಲ. ಮುಂದಿಟ್ಟ ಮುದ್ದೆ ಒಣಗಿ ಬಿರುಕು ಬಿಟ್ಟರೂ ಮುಟ್ಟುತ್ತಿರಲಿಲ್ಲ. ಮೊದಲನೆಯದನ್ನು ಗಾಳಿ ಎಂದರು, ಎರಡನೆಯದನ್ನು ಸೋಮಾರಿತನ ಎಂದರು. ದೊಡ್ಡಪ್ಪ ಒಂದಕ್ಕೆ ಹೊಗೆ ಹಾಕಿದ, ಇನ್ನೊಂದಕ್ಕೆ ಬಾಯಿಗೆ ಬಂದಂತೆ ಬೈದ.

ಕೊನೆಗೆ ಆ ಹೆಂಚನ್ನು ಕಿತ್ತು ಅಂಗಳಕ್ಕೆ ಎಸೆದವಳು ಅಮ್ಮ. "ಇವ್ಳ್ ಕಣ್ಣೇನಾರ ಹೋದ್ರೆ ನಿಮ್ಮುನ್ನ ಸುಮ್ಕೆ ಬುಡಕ್ಕಿಲ್ಲ ಬಾವ" ಎಂದಳು. ಮರುದಿನವೇ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಮಧುಗಿರಿಗೆ ಬಸ್ಸು ಹತ್ತಿದಳು, ಅಲ್ಲಿಂದ ತುಮಕೂರಿಗೆ. ಅಲ್ಲಿನ ಡಾಕ್ಟರಮ್ಮ ಅವಸರ ಮಾಡದೆ ಎಲ್ಲ ಕೇಳಿಸಿಕೊಂಡು, "ಇದು ಎರಡಲ್ಲ ಕಣಮ್ಮ, ಒಂದೇ ಕಾಯಿಲೆ. ಮೇಲೇರೋದೂ ಅದೇ, ಕುಸಿಯೋದೂ ಅದೇ. ಬೈಪೋಲಾರ್ ಅಂತೀವಿ. ಶುಗರ್ ಇರೋರ ಥರ ದಿನಾ ಮಾತ್ರೆ ಬೇಕು. ಚೆನ್ನಾಗಾದೆ ಅಂತ ನಿಲ್ಲಿಸಿಬಿಡಬೇಡಿ" ಎಂದರು. ಲಿಥಿಯಂ ಎಂಬ ಮಾತ್ರೆ. ರಕ್ತದಲ್ಲಿ ಅದು ಎಷ್ಟಿದೆಯೆಂದು ಆಗಾಗ ಪರೀಕ್ಷೆ. ನೀರು ಚೆನ್ನಾಗಿ ಕುಡಿಯಬೇಕು, ನಿದ್ದೆ ಕೆಡಬಾರದು. ಕೆಲವು ವಾರಗಳಲ್ಲಿ ಅತ್ತೆ ಮತ್ತೆ ಮೆಷಿನ್ ಮುಂದೆ ಕೂತಳು. ಆ ಮಾತ್ರೆಗೆ ಕೈ ಸಣ್ಣಗೆ ನಡುಗುತ್ತಿದ್ದುದರಿಂದ ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸವಾಯಿತು. ಹೀಗೆ ಎರಡು ವರ್ಷ ಕಳೆಯಿತು.

ಪುರವರದ ಕಡೆಯಿಂದ ಗಂಡು ಬಂತು. ಅಮ್ಮ ಆಗ ತಂಗಿಯ ಬಾಣಂತನಕ್ಕೆಂದು ಕೊಳಾಲದಲ್ಲಿದ್ದಳು. "ಮಾತ್ರೆ ತಿನ್ನೋಳ್ನ ಯಾರ್ ಮಾಡ್ಕತಾರೆ?" ಎಂದು ದೊಡ್ಡಪ್ಪ ಡಬ್ಬಿಯನ್ನೇ ತಿಪ್ಪೆಗೆ ಎಸೆದ. ಅತ್ತೆಯೂ ತಡೆಯಲಿಲ್ಲ, ಅವಳಿಗೂ ಮದುವೆಯ ಆಸೆಯಿತ್ತು. ಹಿತ್ತಲಲ್ಲಿ ನಿಂತು ನಾನು ಎಲ್ಲ ನೋಡಿದೆ. ಅಮ್ಮ ಫೋನು ಮಾಡಿದಾಗ ಹೇಳಲಿಲ್ಲ. ಹೆದರಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ನಿಜವೇನೆಂದರೆ, ಲಂಗ ಹೊಲಿದು ಹಂಚಿದ ಆ ಅತ್ತೆ ಮತ್ತೆ ಬರಲಿ ಎಂದು ನನಗೆ ಆಸೆಯಾಗಿತ್ತು. ಬಂದಳು. ಗಂಡಿನವರು ಶಾಸ್ತ್ರಕ್ಕೆ ಬಂದ ದಿನ ಅವರ ತಟ್ಟೆಯ ಹೂವನ್ನೆಲ್ಲ ಬೀದಿಯವರಿಗೆ ಹಂಚುತ್ತಾ, ಹಾಡುತ್ತಾ, ತಡೆಯಿಲ್ಲದೆ ಮಾತಾಡಿದಳು. ಅವರು ನೀರೂ ಮುಟ್ಟದೆ ಎದ್ದು ಹೋದರು. ದೊಡ್ಡಪ್ಪ ಬೀದಿಯ ಜನರೆದುರೇ ಅವಳ ಕೆನ್ನೆಗೆ ಹೊಡೆದ. ಆಮೇಲೆ ಅವಳು ಮಲಗಿದ್ದು ಏಳು ತಿಂಗಳು.

ಶಾಸ್ತ್ರದ ಮರುದಿನವೇ ಸುದ್ದಿ ತಿಳಿದು ಬಂದ ಅಮ್ಮ ಜಗಳವಾಡಲಿಲ್ಲ, ಗಂಟು ಕಟ್ಟಿದಳು. ಅಪ್ಪನೂ ತಲೆ ತಗ್ಗಿಸಿಕೊಂಡು ಹಿಂದೆ ಬಂದ. ಮಧುಗಿರಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಮಾತ್ರೆ ಮತ್ತೆ ಶುರುವಾಯಿತು, ಅದು ಹಿಡಿಯಲು ಈ ಸಲ ತಿಂಗಳುಗಳೇ ಬೇಕಾದವು. ಅತ್ತೆ ಮದುವೆಯ ಮಾತು ಎತ್ತಲೇ ಇಲ್ಲ. ನಡುವೆ ಎರಡು ಸಲ ಕುಸಿದಳು, ಎರಡು ಸಲವೂ ಡಾಕ್ಟರಮ್ಮ ಮಾತ್ರೆ ಸರಿಮಾಡಿ ಎಬ್ಬಿಸಿದರು. ಹೋದ ವರ್ಷ ಹೃದಯಾಘಾತವಾಗಿ ಹೋದಳು. ಮಣ್ಣಿಗೆ ಬಂದ ದೊಡ್ಡಪ್ಪ, "ಏನ್ ಮಾಡಕಾಯ್ತದೆ, ಅವ್ಳ್ ಹಣೇಬರ" ಎಂದ. "ಹಣೇಬರ ಅಲ್ಲ ದೊಡ್ಡಪ್ಪ, ನೀನು" ಎಂದೆ. ಅವನು ಚಪ್ಪಲಿ ಹುಡುಕಿಕೊಂಡು ಹೊರಟ. ನಾನೂ ಸುಮ್ಮನಿದ್ದವಳೇ, ಅದನ್ನು ಮಾತ್ರ ಯಾರ ಮುಂದೆಯೂ ಹೇಳಲಾಗಲಿಲ್ಲ.

ಮಿಡಿಗೇಶಿಯ ಆ ಮನೆ ಈಗ ಇಲ್ಲ. ನೆಂಟರು ಸೇರಿದರೆ ಅತ್ತೆಯ ವಿಷಯ ಬರುತ್ತದೆ: ಹೂವು ಹಂಚಿದ್ದು, ಹಾಡಿದ್ದು, ಏಳು ತಿಂಗಳು ಮಲಗಿದ್ದು. ಹೇಳಿ ನಗುತ್ತಾರೆ, ಇಲ್ಲವೇ ಲೊಚಗುಟ್ಟುತ್ತಾರೆ. ನನಗೆ ಬೇಕಾದದ್ದು ಅವರ ಬಳಿ ಇಲ್ಲ. ಚಳಿಗಾಲದ ಇಳಿಬಿಸಿಲಿನಲ್ಲಿ ಅವಳು ಮಧುಗಿರಿಯ ಮನೆಯ ಹೊಸಿಲ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೊಗಡು ಬೆರಳಿಗೆಲ್ಲ ಅಂಟಿರುತ್ತಿತ್ತು. ಅಂಥ ದಿನಗಳಲ್ಲಿ ಏನೂ ನಡೆಯುತ್ತಿರಲಿಲ್ಲ. "ಈ ಸಲ ಕಾಯಿ ಚೆನ್ನಾಗೈತೆ ಕಣೇ" ಎನ್ನುತ್ತಿದ್ದಳು, ಅಷ್ಟೇ.